ಪ್ರಿನ್ಸ್ ಬಿದ್ದ, ತಪ್ಪು ಕೀಬೋರ್ಡಿಂದು!

'ಆಫೀಸ್ ಕಾಲ್ ಇದೆ' ಅಂತ ಶನಿವಾರ ರಾತ್ರಿ ರೂಮಿನ ಬಾಗಿಲು ಹಾಕ್ಕೋತೀರಲ್ಲ, ಒಳಗೇನು ನಡೆಯುತ್ತೆ ಅಂತ ನಮಗೆ ಗೊತ್ತಿಲ್ವೇನ್ರೀ? (ನಿಮ್ಮ ಮನೆಯವರಿಗೂ ಗೊತ್ತು. ಪಾಪ, ಸುಮ್ನಿದ್ದಾರೆ.) ಕಾಲ್‌ನಲ್ಲಿ ಕಾಲೇಜಿನ ಹಳೇ ಪಟಾಲಂ, ಸ್ಕ್ರೀನಲ್ಲಿ ಹಳೇ ಡಾಸ್ ಆಟ ಓಡಿಸೋ ಡಾಸ್‌ಬಾಕ್ಸ್, ಅದರೊಳಗೆ ಬಿಳಿ ಪೈಜಾಮದ ಪ್ರಿನ್ಸ್ ಆಫ್ ಪರ್ಷಿಯಾ. ಆಟ ಹುಟ್ಟಿದ್ದು 1989ರಲ್ಲಿ. ಆಡೋರಿಗೆ ಈಗ ಚಾಳೀಸು!

ಕೂತ ತಕ್ಷಣ ಆಡ್ತೀರಾ? ಉಹೂಂ. ಒಬ್ಬ ಸೈಕಲ್ಸ್ (ಡಾಸ್‌ಬಾಕ್ಸಿನ ವೇಗ ಕಣ್ರೀ) ಏರಿಸು ಅಂತಾನೆ, ಇನ್ನೊಬ್ಬ ಇಳಿಸು ಅಂತಾನೆ. ಮೂರನೆಯವನಿಗೆ ಸೌಂಡ್ ಬ್ಲಾಸ್ಟರ್ ಕಾರ್ಡಿನ ಸದ್ದು ಬೇಡ, ಪಿಸಿ ಸ್ಪೀಕರಿನ ಕೀಂಕೀಂ ಸದ್ದೇ ಆಗಬೇಕು. ಇಂಟರ್ನೆಟ್ ಆರ್ಕೈವ್‌ನವರು 2015ರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನ ಬ್ರೌಸರಿಗೇ ತಂದಿಟ್ಟಿದ್ದಾರೆ, ಒತ್ತಿದ್ರೆ ಓಡುತ್ತೆ. ಅದು ನಿಮಗೆ ರುಚಿಸಲ್ಲ ಬಿಡಿ. ಒದ್ದಾಡದೆ ಸಿಕ್ಕಿದ್ದೂ ಒಂದು ಆಟವಾ?

ಕೊನೆಗೂ ಶುರುವಾಯ್ತು ಅಂತಿಟ್ಕೊಳ್ಳಿ. ರಾಜಕುಮಾರಿನ ಬಿಡಿಸೋಕೆ ಇರೋದೇ 60 ನಿಮಿಷ, ಅದರಲ್ಲೂ ನಿಮ್ಮ ಭಾಷಣ. "ಈಗಿನ ಹುಡುಗ್ರಿಗೇನ್ ಗೊತ್ತು ಗುರೂ, ಹೆಜ್ಜೆಗೊಂದ್ಸಲ ಸೇವ್ ಮಾಡ್ತಾವೆ!" ಅಲ್ಲಾ ಸ್ವಾಮಿ, ನಿಮ್ಮ ಪ್ರಿನ್ಸಲ್ಲೂ ಸೇವ್ ಇತ್ತು. ಕಂಟ್ರೋಲ್ ಜಿ. ಮೂರನೇ ಲೆವೆಲ್ ಮುಟ್ಟಿದ್ಮೇಲೆ ಕೆಲಸ ಮಾಡೋದು. (ಮುಟ್ಟಿದ್ರೆ ತಾನೆ ಗೊತ್ತಾಗೋದು!)

ಅಷ್ಟರಲ್ಲಿ ಪ್ರಿನ್ಸ್ ಮುಳ್ಳಿನ ಮೇಲೆ ಧೊಪ್! "ಈ ಲ್ಯಾಪ್‌ಟಾಪ್ ಕೀಬೋರ್ಡ್ ಸರಿಯಿಲ್ಲ ಕಣೋ." ಇನ್ನೊಂದ್ಸಲ ಧೊಪ್. "ನೆಟ್ ಸ್ಲೋ." (ಆಟ ನಿಮ್ಮ ಮಷೀನಲ್ಲೇ ಇದೆ, ನೆಟ್ಟಿಗೇನು ಕೆಲಸ?) ಮೂರನೇ ಲೆವೆಲಿನ ಅಸ್ಥಿಪಂಜರವಂತೂ ಎಷ್ಟು ತಿವಿದ್ರೂ ಸಾಯಲ್ಲ, ಅಂಚಿನವರೆಗೆ ತಳ್ಕೊಂಡು ಹೋಗಿ ಕೆಳಗೆ ಬೀಳಿಸ್ಬೇಕು. ಅದನ್ನ ಹೇಳ್ಕೊಡೋಕೆ ಎಲ್ಲರೂ ಒಟ್ಟಿಗೆ ಬಾಯಿ ಹಾಕ್ತಾರೆ.

ಹಾಗಾದ್ರೆ ಆ ಕಾಲದಲ್ಲಿ ಆಟದ ಖಳನಾಯಕ ಜಾಫರನ್ನ ಹೊಡೆದ ವೀರರು ಯಾರು? ನೀವೇ. ಹೇಗೆ? 'ಪ್ರಿನ್ಸ್' ಪಕ್ಕ 'ಮೆಗಾಹಿಟ್' ಅಂತ ಟೈಪ್ ಮಾಡಿ, ಶಿಫ್ಟ್ ಎಲ್ ಒತ್ತೊತ್ತಿ ಲೆವೆಲ್ ಹಾರಿಸಿ! (ಯಾರಿಗೂ ಹೇಳಲ್ಲ, ನಮ್ಮಲ್ಲೇ ಇರಲಿ.)

ನೀವು ಹೀಗೆ ಕಳ್ಳದಾರಿ ಹಿಡಿದ್ರಿ; ಈ ಆಟ ಮಾಡಿದ ಜೋರ್ಡನ್ ಮೆಕ್ನರ್ ಮಹಾಶಯನೋ, ತಮ್ಮನನ್ನ ಓಡಿಸಿ, ಹಾರಿಸಿ ವಿಡಿಯೋ ಹಿಡಿದು, ಒಂದೊಂದು ಚಿತ್ರವನ್ನೂ ತಿದ್ದಿ ಪ್ರಿನ್ಸಿಗೆ ನಡಿಗೆ ಕೊಟ್ಟವನು. ಕಳೆದೇಹೋಗಿದ್ದ ಅವನ ಮೂಲ ಕೋಡಿನ ಫ್ಲಾಪಿಗಳು 2012ರಲ್ಲಿ ಅವರಪ್ಪನಿಗೆ ಮನೆಯಲ್ಲೇ ಸಿಕ್ಕವು. ಮಗ ಅದನ್ನ ಊರಿಗೆಲ್ಲ ಪುಕ್ಕಟೆ ಹಂಚಿದ. ನಿಮ್ಮ ಫ್ಲಾಪಿ ಡಬ್ಬ ಎಲ್ಲಿ ಅಂತ ಅಮ್ಮನ್ನ ಕೇಳಿ ನೋಡಿ. (ಗುಜರಿಯವನು ಒಯ್ದು ಎಷ್ಟು ಕಾಲವಾಯ್ತೋ!)

ನಿಜ ಹೇಳಿ, ನಿಮಗೆ ಬೇಕಿರೋದು ರಾಜಕುಮಾರಿಯಲ್ಲ, ಬೈದಾಡೋಕೆ ನಾಲ್ಕು ಜನ. ತಪ್ಪೇನಿಲ್ಲ, ಮುಂದುವರಿಸಿ. ಆದ್ರೆ ಮುಂದಿನ ಶನಿವಾರ ಬಾಗಿಲು ತೆಗೆದಿಟ್ಟು ಮಗಳನ್ನೂ ಪಕ್ಕ ಕೂರಿಸ್ಕೊಳ್ಳಿ. ಅದೇ ಕೀಬೋರ್ಡಲ್ಲಿ ಅವಳು ಮೂರನೇ ಲೆವೆಲ್ ದಾಟಿಬಿಟ್ರೆ, ಹೊಸ ನೆಪ ನೀವೇ ಹುಡುಕ್ಕೋಬೇಕು!