ಎಫೆಕ್ಟಪ್ಪ

ಎಫೆಕ್ಟಪ್ಪನ ಸ್ವಂತ ವೆಬ್‌ಸೈಟಿನಲ್ಲಿದ್ದದ್ದು ಒಂದೇ ಒಂದು ಬಟನ್. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆದರೆ ಅದರ ನೆರಳು ನೋಡಬೇಕಿತ್ತು! ಮೂರು ಪದರ, ಅಂಚಿನಲ್ಲಿ ಸಣ್ಣ ಹೊಳಪು ಬೇರೆ.

ಹಗಲು ಗುರುಗ್ರಾಮದಲ್ಲಿ ಏನೋ ಕೆಲಸ. ಏನೆಂದು ಅವರಮ್ಮನಿಗೂ ಸರಿಯಾಗಿ ಗೊತ್ತಿಲ್ಲ. ರಾತ್ರಿ ದಿಲ್ಲಿಯ ಹೌಜ್ ಖಾಸ್‌ನ ಬರ್ಸಾತಿಯಲ್ಲಿ, ಅಂದರೆ ತಾರಸಿ ಕೋಣೆಯಲ್ಲಿ, ಕೂತು ಸಿಎಸ್‌ಎಸ್ ಕಲಿಯುತ್ತಾನೆ. ವೆಬ್ ಪುಟಕ್ಕೆ ಅಲಂಕಾರ ಮಾಡುವ ಭಾಷೆ ಅದು. 1996ರ ಮೊದಲ ಆವೃತ್ತಿಯಲ್ಲಿ ನೆರಳೂ ಇರಲಿಲ್ಲ, ಅನಿಮೇಷನ್ನೂ ಇರಲಿಲ್ಲ. "ಆಗಿನವರು ಹೇಗೆ ಬದುಕಿದ್ದರೋ ಅಂಕಲ್!" ಎಂದು ಮರುಗುತ್ತಾನೆ.

ಹೌಜ್ ಖಾಸ್‌ನಲ್ಲಿ ಅಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆ ಹೂಳು ತುಂಬಿಕೊಂಡಿತ್ತು, ಫಿರೋಜ್ ಶಾ ತುಘಲಕ್ ಹೂಳೆತ್ತಿಸಿ 1352ರಲ್ಲಿ ದಂಡೆಯ ಮೇಲೆ ಮದರಸ ಕಟ್ಟಿಸಿದ ಎಂದು ನಾನು ಅಲ್ಲೇ ನಿಂತು ಕಥೆ ಹೇಳುತ್ತಿದ್ದರೆ, ಇವನು ನೀರಿನ ಹಸಿರಿಗೆ ಕಲರ್ ಕೋಡ್ ಹುಡುಕುತ್ತಿರುತ್ತಾನೆ. ಹೊಗೆಮಂಜಿಗೆ ಇಡೀ ದಿಲ್ಲಿ ಕೆಮ್ಮುವಾಗ ಕಿಟಕಿಗೆ ಮುಖ ಒತ್ತಿ, "ಬ್ಲರ್ ಹತ್ತು ಪಿಕ್ಸೆಲ್!" ಎಂದು ಪುಳಕಗೊಳ್ಳುತ್ತಾನೆ.

ಈ ಸಲ ನಮ್ಮ ದಿಲ್ಲಿ ಕನ್ನಡಿಗರ ರಾಜ್ಯೋತ್ಸವದ ಕರೆಯೋಲೆಯನ್ನು ವೆಬ್ ಪುಟ ಮಾಡಿಕೊಡಪ್ಪಾ ಎಂದೆವು. ಬೇಕಾದ್ದು ತಾರೀಖು, ಹೊತ್ತು, ಜಾಗ, ಊಟ. ಗಣೇಶನ ಹಬ್ಬಕ್ಕೆ ಶುರು ಮಾಡಿದವನು ದಸರಾ ಕಳೆದರೂ ಮಬ್ಬುಗಾಜಿನ ಎಫೆಕ್ಟಿನಲ್ಲೇ ಇದ್ದ. ಅದನ್ನು ತೋರಿಸುವ ಬ್ಯಾಕ್‌ಡ್ರಾಪ್ ಫಿಲ್ಟರ್ ಕ್ರೋಮ್‌ಗೆ 2019ರಲ್ಲಿ, ಫೈರ್‌ಫಾಕ್ಸ್‌ಗೆ 2022ರಲ್ಲಿ ಬಂತೆಂದು ಥಟ್ಟನೆ ಹೇಳುತ್ತಾನೆ. ನಮ್ಮ ಕಾರ್ಯಕ್ರಮ ಯಾವತ್ತು ಎಂದು ಮಾತ್ರ ಎರಡು ಸಲ ಫೋನ್ ಮಾಡಿ ಕೇಳಿದ.

ಅಂತೂ ಪುಟ ಬಂತು. ತಲೆಬರಹದ ಅಕ್ಷರಗಳೊಳಗೆ ಅರಿಶಿನದಿಂದ ಕುಂಕುಮಕ್ಕೆ ಜಾರುವ ಗ್ರೇಡಿಯಂಟ್. ಚೆನ್ನಾಗಿಯೇ ಇತ್ತು, ಸುಳ್ಳೇಕೆ. ಆದರೆ ವಿದ್ಯೆಯನ್ನು ಇಂಗ್ಲಿಷ್ ಅಕ್ಷರದ ಮೇಲೆ ಕಲಿತವನು, ಬಿಗಿಯಾಗಿ ಕಾಣಲೆಂದು ಸಾಲಿನ ಎತ್ತರ ತೀರಾ ಇಳಿಸಿಬಿಟ್ಟಿದ್ದ. ಈ ತಂತ್ರದಲ್ಲಿ ಹಿನ್ನೆಲೆಯ ಬಣ್ಣವೇ ಅಕ್ಷರಕ್ಕೂ ಬಣ್ಣ. ಆ ಬಣ್ಣ ಸಾಲಿನ ಪೆಟ್ಟಿಗೆಯೊಳಗಷ್ಟೇ; ಅದರಿಂದ ಕೆಳಗೆ ಇಳಿದದ್ದು ಮಾಯ. ನಮ್ಮ ಒತ್ತುಗಳ ವಾಸವೆಲ್ಲ ಕೆಳಗೇ ತಾನೆ? ಊರಿಗೆಲ್ಲ ಹೋದದ್ದು 'ಕನಡ ರಾಜೋತವ'ದ ಆಮಂತ್ರಣ.

ಮೇಲಿನ ಮನೆಯ ಅಜ್ಜಿ ಫೋನು ಹಿಡಿದು ಇಳಿದು ಬಂದರು.

"ಊಟ ಎಷ್ಟು ಹೊತ್ತಿಗೋ, ಎಲ್ಲೂ ಕಾಣಲ್ವಲ್ಲ?"

"ಆ ಗಾಜಿನ ಮೇಲೆ ಮೌಸ್ ಇಟ್ರೆ ಕಾಣುತ್ತೆ ಅಜ್ಜಿ."

"ಫೋನಿಗೆ ಮೌಸ್ ಎಲ್ಲಿಂದ ತರ್ಲೋ?"

ಬೆರಳಾಡಿಸಿದರೆ ಸಾಲುಗಳು ಎಡಬಲದಿಂದ ಹಾರಿ ಬಂದವು. ಅಜ್ಜಿಗೆ ತಲೆ ಸುತ್ತು ಬಂದು ಮೆಟ್ಟಿಲ ಮೇಲೇ ಕೂತರು. ಎಫೆಕ್ಟಪ್ಪ ಗಾಬರಿಯಾಗಲಿಲ್ಲ. "ಅದಕ್ಕೂ ಸಿಎಸ್‌ಎಸ್‌ನಲ್ಲಿ ದಾರಿ ಇದೆ ಅಜ್ಜಿ. ನಿಮ್ಮ ಫೋನಿನ ಸೆಟ್ಟಿಂಗಲ್ಲಿ ಅನಿಮೇಷನ್ ಬೇಡ ಅಂದ್ರೆ ಪುಟಕ್ಕೆ ಗೊತ್ತಾಗಿ ಸುಮ್ನಿರೋ ಹಾಗೆ ಬರೀಬಹುದು. ನಾನಿನ್ನೂ ಆ ಪಾಠಕ್ಕೆ ಬಂದಿಲ್ಲ."

ನೀರು ಕುಡಿದು ಸುಧಾರಿಸಿಕೊಂಡ ಅಜ್ಜಿ ವಾಟ್ಸಾಪ್ ಗ್ರೂಪಿಗೆ ತಾವೇ ಒಂದು ಸಾಲು ಹಾಕಿದರು: 'ಭಾನುವಾರ 11ಕ್ಕೆ ಬನ್ನಿ, ಬಿಸಿಬೇಳೆಬಾತ್ ಇದೆ.' ಜನ ಎಷ್ಟು ಬಂದರೆಂದರೆ ಬೂಂದಿ ಸಾಲದೆ ಹೋಯಿತು.

ಎಫೆಕ್ಟಪ್ಪ ತಟ್ಟೆ ಹಿಡಿದುಕೊಂಡೇ ಆ ಸಾಲನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ. "ಮಿನಿಮಲಿಸಂ! ಇದನ್ನ ಯಾರ ಹತ್ರ ಕಲಿತ್ರಿ ಅಜ್ಜಿ?"

ಈಗ ಅದಕ್ಕೊಂದು ಆರು ತಿಂಗಳ ಕೋರ್ಸ್ ಸೇರಿದ್ದಾನೆ. ವೆಬ್‌ಸೈಟಿನಿಂದ ಆ ಬಟನ್ನನ್ನೂ ತೆಗೆದಿದ್ದಾನಂತೆ.