ಕೂರ್ಮಯುದ್ಧ ಮೀಮಾಂಸೆ: ನಿಂಜಾ ಟರ್ಟಲ್ಸ್ ಕುರಿತು ಒಂದು ಅತಿಗಂಭೀರ ಸಂಪ್ರಬಂಧ

1. ಪ್ರಸ್ತಾವನೆ

ಅಪಾಯ ಬಂದರೆ ತಲೆ ಒಳಗೆ, ಹೋದರೆ ತಲೆ ಹೊರಗೆ. ಆಮೆಯ ಯುದ್ಧಶಾಸ್ತ್ರ ಇಷ್ಟೇ. ಇಂದ್ರಿಯಗಳನ್ನು ಹಿಡಿತದಲ್ಲಿಟ್ಟ ಸ್ಥಿತಪ್ರಜ್ಞನಿಗೆ ಭಗವದ್ಗೀತೆಯೂ ಆಮೆಯನ್ನೇ ಮಾದರಿಯಾಗಿ ತೋರಿಸಿದೆ. ಹೀಗಿರುವಾಗ ನ್ಯೂಯಾರ್ಕಿನ ಚರಂಡಿಯ ನಾಲ್ಕು ಆಮೆಗಳು ಕತ್ತಿ, ದೊಣ್ಣೆ ಹಿಡಿದು 1987ರಿಂದ 1996ರವರೆಗೆ ಟೀವಿಯಲ್ಲಿ 193 ಕಂತು ಬಡಿದಾಡಿದ್ದೇಕೆ? ವಿದ್ವಲ್ಲೋಕ ಈ ಪ್ರಶ್ನೆಯನ್ನು ಉಪೇಕ್ಷಿಸಿದೆ. ಆ ಕೊರತೆಯನ್ನು ತುಂಬುವ ಭಾರ ನಮ್ಮ ಹೆಗಲಿಗೆ ಬಿದ್ದಿದೆ.

2. ಆಕರ ವಿಚಾರ

ಮೂಲಗ್ರಂಥವು 1984ರ ಮೇ ತಿಂಗಳಲ್ಲಿ, ಸುಮಾರು ಮೂರು ಸಾವಿರ ಪ್ರತಿಗಳಲ್ಲಿ, ಕಪ್ಪು ಬಿಳುಪು ಕಾಮಿಕ್ಸಾಗಿ ಪ್ರಕಟವಾಯಿತು. ಕರ್ತೃಗಳು ಇಬ್ಬರು: ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್. ಬಂಡವಾಳ, ವಾಪಸು ಬಂದ ತೆರಿಗೆ ಹಣ ಮತ್ತು ನೆಂಟರ ಸಾಲ. ಅವರ ಉದ್ದೇಶ ಆಗ ಜನಪ್ರಿಯವಾಗಿದ್ದ ಡೇರ್‌ಡೆವಿಲ್‌ನಂಥ ಗಂಭೀರ ಕಾಮಿಕ್ಸುಗಳನ್ನು ಅಣಕಿಸುವುದು. ಅಲ್ಲಿನ ಗುರುವಿನ ಹೆಸರು ಕೋಲು, ಇಲ್ಲಿನ ಗುರುವಿನ ಹೆಸರು ಸಿಬರು (ಸ್ಪ್ಲಿಂಟರ್). ಅಲ್ಲಿನ ಶತ್ರುಪಡೆಯ ಹೆಸರು ಕೈ, ಇಲ್ಲಿನದರ ಹೆಸರು ಕಾಲು. ಗ್ರಂಥವು ತಮಾಷೆ ಎಂಬುದಕ್ಕೆ ಇಷ್ಟು ಆಂತರಿಕ ಪ್ರಮಾಣಗಳಿದ್ದರೂ ನಾವು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಶೋಧನೆಗೆ ಅದು ಅಡ್ಡಿ.

3. ರೂಪಾಂತರ ಸಿದ್ಧಾಂತ

ಟೀವಿ ಪಾಠದ ಪ್ರಕಾರ ಮ್ಯೂಟಜೆನ್ ಎಂಬ ದ್ರವ ಮೈಗೆ ತಾಗಿದ ಜೀವಿಯು ತಾನು ಕಡೆಯದಾಗಿ ಯಾರ ಸಂಗದಲ್ಲಿತ್ತೋ ಅವರಂತಾಗುತ್ತದೆ. ಮನುಷ್ಯನ ಜತೆಗಿದ್ದ ಆಮೆಗಳು ಮನುಷ್ಯಾಕಾರ ತಳೆದವು. ಚರಂಡಿಯ ಇಲಿಗಳ ಜತೆಗಿದ್ದ ಹಮಾಟೊ ಯೋಶಿ ಎಂಬ ಸದ್ಗೃಹಸ್ಥ ಸ್ಪ್ಲಿಂಟರ್ ಎಂಬ ಇಲಿಯಾದ. ನಮ್ಮ ಅಜ್ಜಿಯರು ಸಹವಾಸ ದೋಷ ಎಂದು ಕರೆದದ್ದು ಇದನ್ನೇ. ಅವರಿಗೆ ದ್ರವವಷ್ಟೇ ಬೇಕಿರಲಿಲ್ಲ. ಮೂಲ ಕಾಮಿಕ್ಸಿನಲ್ಲಿ ಸ್ಪ್ಲಿಂಟರ್ ಯೋಶಿ ಸಾಕಿದ್ದ ಇಲಿ ಮಾತ್ರ. ಸಾಕಿದವನೇ ಇಲಿಯೋ, ಸಾಕಿಸಿಕೊಂಡದ್ದು ಇಲಿಯೋ ಎಂಬ ಈ ಪಾಠಾಂತರ ಕನಿಷ್ಠ ಎರಡು ವಿಚಾರಸಂಕಿರಣಗಳಿಗೆ ಸಾಕು.

4. ಕಾಲನಿರ್ಣಯ

ಗುರುವು ಶಿಷ್ಯರಿಗೆ ಇಟಲಿಯ ಕಲಾವಿದರ ಹೆಸರಿಟ್ಟ: ಲಿಯೊನಾರ್ಡೊ, ಡೊನಾಟೆಲ್ಲೊ, ರಾಫೆಲ್, ಮೈಕೆಲೆಂಜೆಲೊ. ಇಲ್ಲೊಂದು ಘೋರ ತೊಡಕಿದೆ. ಶಿಲ್ಪಿ ಡೊನಾಟೆಲ್ಲೊ ತೀರಿಕೊಂಡದ್ದು 1466ರಲ್ಲಿ. ಆಗ ಲಿಯೊನಾರ್ಡೊಗೆ ಹದಿನಾಲ್ಕು ವರ್ಷ. ಮಿಕ್ಕಿಬ್ಬರು ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ನಾಲ್ವರೂ ಒಂದೇ ಪಿಜ್ಜಾ ಹಂಚಿಕೊಂಡು ತಿಂದದ್ದು ಹೇಗೆ? ಇದಲ್ಲದೆ ಹತ್ತು ಸೀಸನ್ ಕಳೆದರೂ ಈ ಆಮೆಗಳು ಟೀನೇಜಿನಿಂದ ಕದಲಲಿಲ್ಲ. ಆಮೆಗೆ ಆಯಸ್ಸು ಹೆಚ್ಚು ಎಂಬ ಲೋಕರೂಢಿಯ ಮಾತನ್ನು ನಾವು ಇಲ್ಲಿ ಪ್ರಮಾಣವಾಗಿ ಮಂಡಿಸುತ್ತೇವೆ.

5. ವರ್ಣವಿಚಾರ

ಮೊದಮೊದಲಿಗೆ, ಕಾಮಿಕ್ಸಿನ ಬಣ್ಣದ ಮುಖಪುಟದಲ್ಲಿ, ನಾಲ್ವರ ಮುಖಪಟ್ಟಿಯೂ ಕೆಂಪು. ಟೀವಿಗೆ ಬರುವಾಗ ನೀಲಿ, ನೇರಳೆ, ಕೆಂಪು, ಕಿತ್ತಳೆ ಎಂದು ವಿಂಗಡಣೆಯಾಯಿತು. ಸೊಂಟಪಟ್ಟಿಗೆ ಹೆಸರಿನ ಮೊದಲಕ್ಷರವೂ ಬಂತು. ಇದು ಚತುರ್ವಿಧ ಪುರುಷಾರ್ಥದ ಸಂಕೇತವೆಂದು ನಾವು ಸಾಧಿಸಲು ಹೊರಟಾಗ ಒಂದು ಅಲ್ಪ ಸಂಗತಿ ಅಡ್ಡ ಬಂತು. ಗೊಂಬೆ ಮಾಡುವ ಪ್ಲೇಮೇಟ್ಸ್ ಕಂಪನಿ, ಮೊದಲು ಟೀವಿ ಸರಣಿ ಬರಲಿ, ಆಮೇಲೆ ಗೊಂಬೆ ಎಂದಿತ್ತು. 1987ರ ಕೊನೆಯಲ್ಲಿ ಐದು ಕಂತು ಬಂದವು, 1988ರಲ್ಲಿ ಗೊಂಬೆ ಬಂತು. ಒಂದೇ ಬಣ್ಣದ ನಾಲ್ಕು ಆಮೆಗಳಿದ್ದರೆ ಮಗು ಒಂದನ್ನು ಕೊಂಡು ಸುಮ್ಮನಾಗುತ್ತದೆ. ನಾಲ್ಕು ಬಣ್ಣವಿದ್ದರೆ ಅಪ್ಪ ನಾಲ್ಕು ಸಲ ಜೇಬಿಗೆ ಕೈ ಹಾಕಬೇಕು. ಪುರುಷಾರ್ಥಗಳಲ್ಲಿ ಅರ್ಥವೊಂದು ಮಾತ್ರ ಸಿದ್ಧವಾಯಿತು.

6. ಅಹಿಂಸಾ ಪ್ರಕರಣ

ಲಿಯೊನಾರ್ಡೊ ಎರಡು ಕತ್ತಿಗಳ ಒಡೆಯ. ಆದರೆ ಮಕ್ಕಳ ಕಾರ್ಯಕ್ರಮದಲ್ಲಿ ರಕ್ತ ಹರಿಯಕೂಡದು. ಕಾಮಿಕ್ಸಿನಲ್ಲಿ ಮನುಷ್ಯರಾಗಿದ್ದ ಕಾಲುಪಡೆಯವರು ಟೀವಿಯಲ್ಲಿ ರೋಬೋಗಳಾದರು. ಕಡಿದರೆ ತಂತಿ ಬರುತ್ತದೆ, ಪಾಪ ಬರುವುದಿಲ್ಲ. ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶೀರ್ಷಿಕೆಯಲ್ಲಿದ್ದ ನಿಂಜಾನನ್ನು ಕಿತ್ತು ಹೀರೋನನ್ನು ಕೂರಿಸಿತು. ಮೈಕೆಲೆಂಜೆಲೊನ ನಂಚಾಕುವಿನ ದೃಶ್ಯಗಳಿಗೆ ಕತ್ತರಿ ಹಾಕಿತು. ಸರಪಳಿ ಕಟ್ಟಿದ ಎರಡು ಕೋಲು ಅಪಾಯಕಾರಿ, ಎರಡು ಖಡ್ಗ ಪರವಾಗಿಲ್ಲ ಎಂಬ ಈ ತೀರ್ಪು ಧರ್ಮಸೂಕ್ಷ್ಮದ ಪರಾಕಾಷ್ಠೆ. ಮುಂದೆ ಆ ಬಡಪಾಯಿಯ ಕೈಗೆ ಕೊಕ್ಕೆ ಹಗ್ಗ ಬಂತು.

7. ಉಪಸಂಹಾರ

ಶತ್ರುಗಳಾದ ಶ್ರೆಡರ್, ಕ್ರಾಂಗ್, ಕಾಡುಹಂದಿ ಬೀಬಾಪ್, ಘೇಂಡಾಮೃಗ ರಾಕ್‌ಸ್ಟೆಡಿ ಇವರಲ್ಲಿ ಯಾರಿಗೂ ಆಮೆಗಳ ಒಂದು ಕೂದಲೂ ಕೊಂಕಿಸಲಾಗಲಿಲ್ಲ. ಆಮೆಗೆ ಕೂದಲಿಲ್ಲವೆಂಬುದು ಬೇರೆ ಮಾತು. ಅವುಗಳ ಬಣ್ಣ, ಆಯುಧ, ಹೆಸರು ಬದಲಿಸಿದವರು ಗೊಂಬೆ ಅಂಗಡಿಯವರು ಮತ್ತು ಸೆನ್ಸಾರಿನವರು. ಈ ಮಹಾಯುದ್ಧದಲ್ಲಿ ಗೆದ್ದವರೂ ಅವರೇ ಎಂಬುದು ನಮ್ಮ ಸಿದ್ಧಾಂತ.

ಕೊನೆಗೊಂದು ಅರಿಕೆ. ಗಂಭೀರರನ್ನು ಅಣಕಿಸಲು ಹುಟ್ಟಿದ ಆಮೆಗಳನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡು ದೊಡ್ಡ ವ್ಯಾಪಾರವಾಗಿಸಿತು. ಈ ಪ್ರಬಂಧಕ್ಕೂ ಅದೇ ಗತಿ ಬಾರದಿರಲಿ. ಓದುಗರು ದಯಮಾಡಿ ಈಗಲೇ ನಕ್ಕುಬಿಡಿ. ತಡಮಾಡಿದರೆ ಯಾವುದಾದರೂ ವಿಶ್ವವಿದ್ಯಾಲಯ ಇದನ್ನು ಪಠ್ಯ ಮಾಡೀತು.