ನಾಲ್ಕೇ ಸಾಲು, ಒಂದೇ ನಿಮಿಷ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಊರಿಗೊಬ್ಬ ಹನಿಗವಿ ಇದ್ದೇ ಇರುತ್ತಾನೆ. ಚಿಂತಾಮಣಿಯಲ್ಲಿ ಅವನು ಟೊಮ್ಯಾಟೊ ಮಂಡಿಯ ರೈಟರ್ ಆಗಿರಬಹುದು, ಗೌರಿಬಿದನೂರಿನಲ್ಲಿ ಮೇಷ್ಟ್ರಾಗಿರಬಹುದು. ಶಿಡ್ಲಘಟ್ಟದಲ್ಲಿ ನಮ್ಮ ಪಾಲಿಗೆ ಬಂದವರು ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಹನಿಯಣ್ಣ. ಅಪ್ಪ-ಅಮ್ಮ ಇಟ್ಟ ಹೆಸರು ಈಗ ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಇವರ ಮನೆಮಾತು ತೆಲುಗು. ಜಗಳ ತೆಲುಗಿನಲ್ಲಿ, ಲೆಕ್ಕ ತೆಲುಗಿನಲ್ಲಿ, ಕವಿತೆ ಮಾತ್ರ ಕನ್ನಡದಲ್ಲಿ. ಗೃಹಪ್ರವೇಶಕ್ಕೊಂದು ಹನಿ, ತಿಥಿಗೊಂದು ಹನಿ. ಏಪ್ರಿಲ್ 25 ಬಂತೆಂದರೆ 1938ರ ಗೋಲಿಬಾರಿನಲ್ಲಿ ಮಡಿದವರಿಗೊಂದು ಹನಿ ಜೇಬಿಗಿಟ್ಟುಕೊಂಡು ವಿದುರಾಶ್ವತ್ಥದ ಬಸ್ಸು ಹತ್ತುತ್ತಾರೆ. ಯಾರಾದರೂ ಕೊಂಕು ತೆಗೆದರೆ ಉತ್ತರ ಸಿದ್ಧ: "ಬಳೆ ಮಾರ್ತಿದ್ದ ಕೈವಾರದ ತಾತಯ್ಯ ಕಾಲಜ್ಞಾನ ಬರೀಬಹುದು, ಹುಳ ನೋಡ್ಕೊಂಡಿದ್ದ ನಾನು ನಾಲ್ಕು ಸಾಲು ಬರೀಬಾರ್ದಾ?"

ಬರೆಯಲಿ, ಯಾರು ಬೇಡ ಅಂದರು? ಕಷ್ಟವೆಲ್ಲ ಓದುವುದರಲ್ಲಿದೆ. "ನಾಲ್ಕೇ ಸಾಲಪ್ಪಾ, ಒಂದೇ ನಿಮಿಷ" ಎಂದು ತೋಳು ಹಿಡಿಯುತ್ತಾರೆ. ಕವಿಗೋಷ್ಠಿಯ ಚಾಳಿಯಂತೆ ಪ್ರತಿ ಸಾಲೂ ಎರಡು ಸಲ. ಆಮೇಲೆ ಅರ್ಥ. ಅಂಕೋಲೆಯ ದಿನಕರ ದೇಸಾಯಿ ಚುಟುಕಕ್ಕೆ ನಾಲ್ಕು ಸಾಲು ಧಾರಾಳ ಸಾಕೆಂದು ತೋರಿಸಿಕೊಟ್ಟು 1982ರಲ್ಲಿ ತೀರಿಕೊಂಡರು; ಐದನೆಯದಾಗಿ ಅರ್ಧ ಗಂಟೆಯ ವಿವರಣೆ ಬರುತ್ತದೆಂದು ಆ ಮಹಾನುಭಾವರಿಗೆ ತಿಳಿಯಲಿಲ್ಲ.

ಒಮ್ಮೆ ನಮ್ಮ ಭಾವಮೈದ ರೇಷ್ಮೆ ಗೂಡು ತಂದಿದ್ದ. ಜೊತೆಗೆ ನಾನೂ ಮಾರುಕಟ್ಟೆಗೆ ಹೋಗಿದ್ದೆ. ಈಗ ಅಲ್ಲಿ ಕೂಗಾಟದ ಹರಾಜಿಲ್ಲ, ನೂಲು ತೆಗೆಯುವ ರೀಲರುಗಳು ಮೊಬೈಲಿನಲ್ಲೇ ಬಿಡ್ ಒತ್ತುತ್ತಾರೆ. ಒಬ್ಬ ರೀಲರ್ ನಮ್ಮ ಲಾಟಿಗೆ ಕೈ ಹಾಕಿ, ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ತೃಪ್ತಿಯಿಂದ ತಲೆಯಾಡಿಸಿದ. ಬೆರಳು ಇನ್ನೇನು ಮೊಬೈಲಿಗೆ ಇಳಿಯಬೇಕು, ಹನಿಯಣ್ಣ ಪ್ರತ್ಯಕ್ಷ. "ಸಾಹೇಬ್ರೇ, ಚಿಂತಾಮಣಿ ಟೊಮ್ಯಾಟೊ ಮೇಲೆ ಹೊಸದು, ನಾಲ್ಕೇ ಸಾಲು!"

ಬೆಲೆ ಏರಿದರೆ ಅಳುವುದು ಮನೆಯಾಕೆ,
ಬೆಲೆ ಇಳಿದರೆ ಅಳುವುದು ಬೆಳೆದಾತ;
ಏರಿದರೂ ಇಳಿದರೂ ಅಳದವನೊಬ್ಬನೇ,
ಮಂಡಿಯ ದಲ್ಲಾಳಿ ತಾತ!

ರೀಲರ್ ಬಿದ್ದು ಬಿದ್ದು ನಕ್ಕ. "ಇನ್ನೊಂದ್ಸಲ" ಎಂದೂ ಅಂದ, ಪಾಪಿ. ಎರಡನೇ ಸಲ ಮುಗಿಯುವಷ್ಟರಲ್ಲಿ ನಮ್ಮ ಲಾಟಿನ ಹೊತ್ತು ಮುಗಿದು, ಗೂಡು ಇನ್ಯಾರಿಗೋ ಕಡಿಮೆಗೆ ಹೋಯಿತು. ಬೇಡವೆಂದು ವಾಪಸು ಒಯ್ಯೋಣವೆಂದರೆ ಗೂಡೇನು ರಾಗಿಯೇ, ಕಣಜದಲ್ಲಿಡಲು? ತಡವಾದರೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ. ಭಾವಮೈದ ಆ ದಿನ ಆಡಿದ ತೆಲುಗನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಹನಿಯಣ್ಣನಿಗೆ ಇದರ ಪರಿವೆಯೇ ಇಲ್ಲ, ನಮ್ಮಿಬ್ಬರಿಗೂ ಟೀ ಕೊಡಿಸಿದರು.

ಟೀ ಕುಡಿಯುತ್ತಾ ಇದೆಲ್ಲ ಶುರುವಾದ ಬಗೆ ಹೇಳಿದರು. ಸರ್ವಿಸಿನುದ್ದಕ್ಕೂ ಇವರು ಬರೆದದ್ದು ಹುಳುಮನೆಯ ಉಷ್ಣಾಂಶ, ತೇವಾಂಶ, ಸೊಪ್ಪಿನ ಲೆಕ್ಕ. ಒಂದು ರಾತ್ರಿ ರೈತನೊಬ್ಬನ ಹುಳುಮನೆಯಲ್ಲಿ ಉಳಿಯಬೇಕಾಯಿತಂತೆ. ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದ ಹುಳು, ಹಸಿವೋ ಹಸಿವು. ಸೊಪ್ಪು ಹಾಕಿದ್ದೇ ತಡ, ಮನೆ ತುಂಬ ಜಡಿಮಳೆ ಹಿಡಿದಂಥ ಸದ್ದು. "ಹೊರಗೆ ನೋಡಿದ್ರೆ ನಕ್ಷತ್ರ, ಮಳೆಯಿಲ್ಲದ ವರ್ಷ ಅದು. ಈ ಸದ್ದನ್ನ ಯಾವ ಕಾಲಮ್ಮಿಗೆ ಬರೀಲಿ ಹೇಳಿ?" ತಪಾಸಣಾ ಹಾಳೆಯ ಬೆನ್ನಿಗೆ ಎರಡು ಸಾಲು ಬರೆದರಂತೆ. ಪ್ರಾಸವಿರಲಿಲ್ಲ, ಅರ್ಥ ಹೇಳುವ ಅಗತ್ಯವೂ ಇರಲಿಲ್ಲ. ಆ ಹಾಳೆಯನ್ನು ಯಾವ ಗೋಷ್ಠಿಯಲ್ಲೂ ಓದಿಲ್ಲ; ನನಗೂ ತೋರಿಸಲಿಲ್ಲ. ಎಲ್ಲವನ್ನೂ ಎರಡೆರಡು ಸಲ ಓದುವ ಮನುಷ್ಯ ಅದೊಂದನ್ನು ಮುಚ್ಚಿಟ್ಟುಕೊಂಡಿದ್ದು ಕಂಡು, ಹಾಳಾದ್ದು, ಗೂಡಿನ ರೇಟೂ ಮರೆತು ಅಸೂಯೆಯಾಯಿತು.

ಆ ರಾತ್ರಿ ಊಟಕ್ಕೆ ಕೂತವನು ಮುದ್ದೆ ಮುರಿಯದೆ ಬೆರಳು ಮಡಚುತ್ತಿದ್ದೆ. "ಏನ್ರೀ, ಚೀಟಿ ದುಡ್ಡು ಇನ್ನೂ ಎಷ್ಟು ಕಂತು ಬಾಕಿ?" ಎಂದಳು ನನ್ನವಳು. ಮೂರು ಸಾಲಾಗಿತ್ತು. ನಾಲ್ಕನೆಯದು ಸಿಕ್ಕಿರಲಿಲ್ಲ. "ಒಂದೇ ನಿಮಿಷ ಇರೇ," ಎಂದೆ.